ಮಗನ ಎದೆ ಒಳಗೆ ಹೋಗಿದೆ: ಪಕ್ಕೆಲುಬು ರೀಮಾಡೆಲಿಂಗ್ ಸಾಕಾ, ಬಾರ್ ಹಾಕಿಸಲೇಬೇಕಾ?

ನೀಲಿಛತ್ರಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 15 ವರ್ಷ. ಎದೆಯ ನಡುವೆ ಗುಂಡಿ ಇದೆ, ಡಾಕ್ಟರ್ ಅದನ್ನು ಪೆಕ್ಟಸ್ ಎಕ್ಸ್‌ಕವೇಟಮ್ ಎಂದರು. ಚಿಕ್ಕವನಿದ್ದಾಗ ಸ್ವಲ್ಪವೇ ಇತ್ತು, ಬೆಳೆಯುತ್ತಾ ನೋಡೋಣ ಎಂದಿದ್ದರು. ಈಗ ಒಂದೇ ಸಮನೆ ಎತ್ತರ ಬೆಳೆಯುತ್ತಿದ್ದಾನೆ, ಅದರ ಜೊತೆಗೆ ಗುಂಡಿಯೂ ಆಳವಾಗುತ್ತಿದೆ. ಅಂಗಾತ ಮಲಗಿದರೆ ನನ್ನ ಮುಷ್ಟಿಯ ಅರ್ಧ ಅದರೊಳಗೆ ಕೂರುತ್ತದೆ. ಕೆಳಗೆ ಎರಡೂ ಕಡೆ ಪಕ್ಕೆಲುಬಿನ ಅಂಚು ಮುಂದಕ್ಕೆ ಚಾಚಿಕೊಂಡಿದೆ, ಟೀ ಶರ್ಟ್ ಹಾಕಿದರೂ ಗೊತ್ತಾಗುತ್ತದೆ.

ಫುಟ್‌ಬಾಲ್ ಆಡುತ್ತಿದ್ದವನು ಈಗ ಸ್ವಲ್ಪ ಓಡಿದರೆ ಏದುಸಿರು ಬಿಡುತ್ತಾನೆ, ಆಮೇಲೆ ಏನೋ ನೆಪ ಹೇಳಿ ಬದಿಗೆ ಕೂರುತ್ತಾನೆ. ಭುಜ ಮುಂದಕ್ಕೆ ಮಾಡಿಕೊಂಡು ಬಗ್ಗಿ ಕೂರುವುದು ಅಭ್ಯಾಸವಾಗಿಬಿಟ್ಟಿದೆ. ಅಂಗಿ ತೆಗೆಯಬೇಕಾದ ಕಡೆ ಬರುವುದೇ ಇಲ್ಲ.

ಒಬ್ಬ ಡಾಕ್ಟರ್ ವ್ಯಾಯಾಮ ಮಾಡಲಿ, ಸರಿ ಹೋಗುತ್ತದೆ ಎಂದರು. ಇನ್ನೊಬ್ಬರು ಎದೆಯೊಳಗೆ ಲೋಹದ ಬಾರ್ ಹಾಕಬೇಕು, ಅದು ಎರಡು ಮೂರು ವರ್ಷ ಒಳಗೇ ಇರಬೇಕು ಎಂದರು. ಕೇಳಿಯೇ ಭಯವಾಯಿತು. ಅಷ್ಟರಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಪಕ್ಕೆಲುಬು ರೀಮಾಡೆಲಿಂಗ್ ಅಂತೆ, ಸಣ್ಣ ತೂತು, ಅಲ್ಟ್ರಾಸೌಂಡ್ ಉಪಕರಣ, ಒಳಗೆ ಏನೂ ಬಿಡುವುದಿಲ್ಲ, ಬೇಗ ಮನೆಗೆ ಹೋಗಬಹುದು ಅಂತೆ. ಅದು ಇವನಿಗೆ ಆಗುವುದಿಲ್ವಾ? ಬಾರ್ ಹಾಕುವುದಕ್ಕಿಂತ ಅದೇ ವಾಸಿ ಅನ್ನಿಸುತ್ತದೆ. ಅಥವಾ 18 ಆಗುವವರೆಗೂ ಸುಮ್ನೆ ಬಿಟ್ಟುಬಿಡಬೇಕಾ? ಮಾಡಿಸಿಕೊಂಡವರು, ಗೊತ್ತಿರುವವರು ದಯವಿಟ್ಟು ಹೇಳಿ.

---

ಥಿಯೇಟರ್‌ಸಿಸ್ಟರ್:

ಮೇಡಂ, ನಾನು ಎದೆ ಆಪರೇಷನ್‌ಗಳ ಥಿಯೇಟರಿನಲ್ಲಿ ನರ್ಸ್. ನಿಮ್ಮ ಮಗನನ್ನು ನೋಡಿಲ್ಲ, ಹಾಗಾಗಿ ಅವನಿಗೆ ಇದೇ ಮಾಡಿಸಿ ಎಂದು ಹೇಳುವುದಿಲ್ಲ. ಆದರೆ ಆ ವಿಡಿಯೋ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ನೋಡಿ ತುಂಬಾ ಜನ ಕೇಳುತ್ತಾರೆ.

ಅದು ಸೊಂಟ ಸಣ್ಣ ಕಾಣಲು ಮಾಡುವ ಆಪರೇಷನ್. ಅದರಲ್ಲಿ ಕೈ ಹಾಕುವುದು 10, 11, 12ನೇ ಪಕ್ಕೆಲುಬಿಗೆ. ಬೆನ್ನ ಕಡೆಯಿಂದ ಕೆಲವೇ ಮಿಲಿಮೀಟರಿನ ತೂತು ಮಾಡಿ, ಪೀಜೋ ಎನ್ನುವ ಅಲ್ಟ್ರಾಸೌಂಡ್ ಕಂಪನದ ಉಪಕರಣದಿಂದ ಮೂಳೆಯ ಹೊರಪದರವನ್ನಷ್ಟೇ ಕತ್ತರಿಸುತ್ತಾರೆ. ಒಳಪದರ ಹಾಗೇ ಇರುತ್ತದೆ. ಆಮೇಲೆ ಮೂಳೆಯನ್ನು ಒಳಕ್ಕೆ ಬಾಗಿಸಿ, ಅದು ಆ ಜಾಗದಲ್ಲೇ ಕೂಡಿಕೊಳ್ಳಲಿ ಎಂದು ತಿಂಗಳುಗಟ್ಟಲೆ ಬಿಗಿಯಾದ ಕಾರ್ಸೆಟ್ (ಸೊಂಟದ ಸುತ್ತ ಬಿಗಿಯುವ ಪಟ್ಟಿ) ಹಾಕಿಸುತ್ತಾರೆ. 11 ಮತ್ತು 12ನೆಯವು ಎದೆಮೂಳೆಯನ್ನು ಮುಟ್ಟುವುದೇ ಇಲ್ಲ, ಮುಂದಿನ ತುದಿ ಸ್ನಾಯುವಿನಲ್ಲೇ ಮುಗಿಯುತ್ತದೆ. ಅವುಗಳನ್ನು ಎಷ್ಟು ಬಾಗಿಸಿದರೂ ಎದೆಯ ಗುಂಡಿ ಒಂದು ಮಿಲಿಮೀಟರ್ ಮೇಲೆ ಬರುವುದಿಲ್ಲ.

ನಿಮ್ಮ ಮಗನ ತೊಂದರೆ ಇರುವ ಜಾಗವೇ ಬೇರೆ. ಎದೆಮೂಳೆಯ ಕೆಳಗಿನ ಅರ್ಧ ಒಳಗೆ ಹೋಗಿದೆ, ಅದನ್ನು ಪಕ್ಕೆಲುಬಿಗೆ ಸೇರಿಸುವ ಕಾರ್ಟಿಲೇಜೂ (ಮೆತ್ತನೆಯ ಮೂಳೆ) ಅದರ ಜೊತೆ ಒಳಗೆ ತಿರುಗಿದೆ. ಅಲ್ಲಿ ಬೇಕಾಗಿರುವುದು ಮೇಲೆತ್ತುವ ಕೆಲಸ. ಸೊಂಟದ ಆಪರೇಷನ್ನಿನಲ್ಲಿ ಆಗುವುದು ಒಳಕ್ಕೆ ಒತ್ತುವ ಕೆಲಸ, ಅದರ ಮೇಲೆ ಬಿಗಿ ಕಾರ್ಸೆಟ್ ಬೇರೆ. ಮೊದಲೇ ಜಾಗ ಕಡಿಮೆ ಇರುವ ಎದೆಗೆ, ಅದೂ ಬೆಳೆಯುತ್ತಿರುವ ಹುಡುಗನಿಗೆ, ಅದರ ಯೋಚನೆಯನ್ನೇ ಬಿಟ್ಟುಬಿಡಿ.

ಈಗ ಬಾರ್ ವಿಷಯ. ಅದಕ್ಕೆ ನಸ್ ಆಪರೇಷನ್ ಎನ್ನುತ್ತಾರೆ. ಡಾ. ಡೊನಾಲ್ಡ್ ನಸ್ ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ 1987ರಲ್ಲಿ ಶುರು ಮಾಡಿದರು, ಹತ್ತು ವರ್ಷದಲ್ಲಿ ಮಾಡಿದ 42 ಮಕ್ಕಳ ಆಪರೇಷನ್ನಿನ ವಿವರವನ್ನು 1998ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು ಜಾಸ್ತಿ ನಡೆಯುತ್ತಿದ್ದದ್ದು 1949ರಿಂದ ಬಂದ ರಾವಿಚ್ ವಿಧಾನ. ಎದೆಯನ್ನು ಮುಂದಿನಿಂದ ತೆರೆದು, ತಿರುಚಿದ ಕಾರ್ಟಿಲೇಜ್ ತೆಗೆದು, ಎದೆಮೂಳೆಯನ್ನು ಕತ್ತರಿಸಿ ಸರಿಯಾಗಿ ಕೂರಿಸುವುದು. ಅದು ಈಗಲೂ ಇದೆ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ಉಬ್ಬು ಇರುವ ಎದೆಗೆ, ತುಂಬಾ ಗಟ್ಟಿಯಾದ ಎದೆಗೆ ಕೆಲವು ಸರ್ಜನ್‌ಗಳು ಅದನ್ನೇ ಆರಿಸುತ್ತಾರೆ.

ನಸ್ ವಿಧಾನದಲ್ಲಿ ಮೂಳೆಯನ್ನೂ ಕತ್ತರಿಸುವುದಿಲ್ಲ, ಕಾರ್ಟಿಲೇಜನ್ನೂ ತೆಗೆಯುವುದಿಲ್ಲ. ಎರಡು ಪಕ್ಕಗಳಲ್ಲಿ ಕಂಕುಳ ಕೆಳಗೆ ಸಣ್ಣ ಗಾಯ, ಕ್ಯಾಮೆರಾಗೆ ಇನ್ನೊಂದು ತೂತು. ದಾರಿ ಮಾಡಲು ಬಳಸುವ, ಇಂಟ್ರೊಡ್ಯೂಸರ್ ಎನ್ನುವ ಬಾಗಿದ ಉದ್ದನೆಯ ಉಪಕರಣವನ್ನು ಒಂದು ಪಕ್ಕದಿಂದ ಒಳಗೆ ಬಿಟ್ಟು, ಎದೆಮೂಳೆಯ ಹಿಂದೆ, ಹೃದಯದ ಮುಂದೆ ದಾಟಿಸಿ ಇನ್ನೊಂದು ಪಕ್ಕದಿಂದ ಹೊರಗೆ ತರುತ್ತಾರೆ. ಅದೇ ದಾರಿಯಲ್ಲಿ, ಅವನ ಎದೆಯ ಅಳತೆಗೆ ಬಿಲ್ಲಿನಂತೆ ಬಾಗಿಸಿದ ಸ್ಟೀಲ್ ಬಾರ್ ಬರುತ್ತದೆ. ಮೊದಲು ಬಾಗು ಬೆನ್ನಿನ ಕಡೆಗಿರುತ್ತದೆ. ಆಮೇಲೆ ಫ್ಲಿಪ್ಪರ್ ಎನ್ನುವ ತಿರುಗಿಸುವ ಉಪಕರಣ ಹಿಡಿದು ಬಾರನ್ನು 180 ಡಿಗ್ರಿ ತಿರುಗಿಸುತ್ತಾರೆ. ತಿರುಗಿಸಿದ ತಕ್ಷಣ ಎದೆ ಮೇಲೇಳುವುದು ನಮ್ಮ ಕಣ್ಣೆದುರೇ ಕಾಣುತ್ತದೆ. ಎಷ್ಟು ಸಲ ನೋಡಿದ್ದರೂ ಆ ಗಳಿಗೆಯಲ್ಲಿ ಥಿಯೇಟರಿನಲ್ಲಿ ಎಲ್ಲರೂ ಎದೆಯ ಕಡೆಗೇ ನೋಡುತ್ತಿರುತ್ತೇವೆ. ಬಾರ್ ಜಾರದಂತೆ ಪಕ್ಕೆಲುಬಿಗೆ ಬಿಗಿದು ಕಟ್ಟುತ್ತಾರೆ. ಎರಡರಿಂದ ನಾಲ್ಕು ವರ್ಷ, ಸಾಮಾನ್ಯವಾಗಿ ಮೂರು ವರ್ಷ ಒಳಗಿರುತ್ತದೆ, ಅಷ್ಟರಲ್ಲಿ ಕಾರ್ಟಿಲೇಜ್ ಹೊಸ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಹರೆಯದಲ್ಲಿ ಅದು ಬಾಗುತ್ತದೆ, ಅದಕ್ಕೇ ಈ ವಿಧಾನ ನಡೆಯುತ್ತದೆ.

ಗಾಯ ಚಿಕ್ಕದು, ಹಾಗಂತ ಆಪರೇಷನ್ ಚಿಕ್ಕದಲ್ಲ. ಇಂಟ್ರೊಡ್ಯೂಸರ್ ಹೃದಯದ ಮುಂದೆ ದಾಟುವ ಗಳಿಗೆಯೇ ಅಪಾಯದ್ದು. ಹೃದಯಕ್ಕೆ ಪೆಟ್ಟಾಗುವುದು ಬಹಳ ಅಪರೂಪ, ಆದರೆ ಪೆಟ್ಟಾದರೆ ಪ್ರಾಣಕ್ಕೇ ಬರಬಹುದು. ಅದಕ್ಕೇ ಈಗ ಕ್ಯಾಮೆರಾ ಇಟ್ಟು ನೋಡುತ್ತಾ ದಾಟಿಸುತ್ತಾರೆ, ಎಷ್ಟೋ ಕಡೆ ಮೊದಲು ಎದೆಮೂಳೆಯನ್ನು ಮೇಲೆತ್ತಿ ಹಿಡಿದು ಜಾಗ ಮಾಡಿಕೊಂಡು ಆಮೇಲೆ ಮುಂದುವರಿಯುತ್ತಾರೆ. ಬಾರ್ ಜಾರುವುದು, ಸೋಂಕು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು ಕೂಡ ಆಗಬಹುದು. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ ಎಂದು ಸರ್ಜನ್ನನ್ನು ನೇರವಾಗಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಅಳತೆ ಆಗಲಿ. ಸಿಟಿ ಸ್ಕ್ಯಾನಿನಲ್ಲಿ ಎದೆಯ ಒಳ ಅಗಲವನ್ನು, ಎದೆಮೂಳೆಗೂ ಬೆನ್ನುಮೂಳೆಗೂ ಇರುವ ಅತಿ ಕಡಿಮೆ ಅಂತರದಿಂದ ಭಾಗಿಸುತ್ತಾರೆ. ಅದು ಹ್ಯಾಲರ್ ಇಂಡೆಕ್ಸ್. ಅಗಲ 26 ಸೆಂಟಿಮೀಟರ್, ಅಂತರ 6.5 ಸೆಂಟಿಮೀಟರ್ ಇದ್ದರೆ 4 ಬರುತ್ತದೆ. ಸಾಮಾನ್ಯ ಎದೆಯಲ್ಲಿ 2.5ರ ಆಸುಪಾಸು. 3.25ಕ್ಕಿಂತ ಜಾಸ್ತಿ ಇದ್ದರೆ ತೀವ್ರ ಎನ್ನುತ್ತಾರೆ. ಇದರ ಜೊತೆಗೆ ಎಕೋ (ಹೃದಯದ ಅಲ್ಟ್ರಾಸೌಂಡ್), ಉಸಿರಾಟದ ಪರೀಕ್ಷೆ, ಸಾಧ್ಯವಾದರೆ ಓಡಿಸಿ ಅಥವಾ ಸೈಕಲ್ ತುಳಿಸಿ ಮಾಡುವ ಹೃದಯ-ಶ್ವಾಸಕೋಶ ಪರೀಕ್ಷೆ. ಸುಮ್ಮನೆ ಮಲಗಿಸಿ ನೋಡಿದರೆ ಎಷ್ಟೋ ಮಕ್ಕಳಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಓಡುವಾಗ ಹೃದಯದ ಬಲಭಾಗಕ್ಕೆ ಹಿಗ್ಗಲು ಜಾಗ ಸಾಲದೇ ಇರುವುದು ಆಗ ಮಾತ್ರ ಗೊತ್ತಾಗುತ್ತದೆ. ನಿಮ್ಮ ಮಗ ಆಟ ಬಿಟ್ಟು ಬದಿಗೆ ಕೂರುವುದು ನೆಪ ಇರಲಿಕ್ಕಿಲ್ಲ ಮೇಡಂ.

---

ಬಾರ್‌ತೆಗೆಸಿದೆ:

ಅಕ್ಕ, ನಾನು 16ರಲ್ಲಿ ನಸ್ ಮಾಡಿಸಿಕೊಂಡೆ, ಈಗ ಬಾರ್ ತೆಗೆದಾಗಿದೆ. ಸಿಸ್ಟರ್ ಒಳಗಿನದ್ದು ಹೇಳಿದರು, ನಾನು ಹಾಸಿಗೆಯ ಮೇಲಿನದ್ದು ಹೇಳುತ್ತೇನೆ.

ಎಚ್ಚರವಾದಾಗ ಮೊದಲು ಅನ್ನಿಸಿದ್ದು ನೋವಲ್ಲ, ಬಿಗಿ. ಯಾರೋ ಎದೆಯೊಳಗಿಂದ ಹೊರಕ್ಕೆ ತಳ್ಳುತ್ತಿರುವ ಹಾಗೆ, ಉಸಿರು ಪೂರ್ತಿ ಎಳೆದುಕೊಳ್ಳಲು ಧೈರ್ಯ ಬರುತ್ತಿರಲಿಲ್ಲ. ಆದರೆ ಎಳೆದುಕೊಳ್ಳಲೇಬೇಕು. ಚೆಂಡು ಮೇಲೇರುವ ಆ ಪ್ಲಾಸ್ಟಿಕ್ ಸ್ಪೈರೋಮೀಟರ್ ಕೊಡುತ್ತಾರಲ್ಲ, ಅದನ್ನು ಆಪರೇಷನ್‌ಗೂ ಮೊದಲೇ ಅಭ್ಯಾಸ ಮಾಡಿಸಿ, ಆಮೇಲೆ ತುಂಬಾ ಅನುಕೂಲ.

ಏಳುವುದು ಒಂದು ವಿದ್ಯೆ. ಕೈ ಊರಿ ಏಳುವ ಹಾಗಿಲ್ಲ, ಸೊಂಟ ತಿರುಗಿಸುವ ಹಾಗಿಲ್ಲ, ಪಕ್ಕಕ್ಕೆ ಹೊರಳುವ ಹಾಗಿಲ್ಲ. ಅಪ್ಪ ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಬೆನ್ನಿನ ನಡುವೆ ಇಟ್ಟು ನೇರವಾಗಿ ಎಬ್ಬಿಸುತ್ತಿದ್ದರು. ನನ್ನ ಕಂಕುಳಿಗೆ ಕೈ ಹಾಕಿ ಎತ್ತಲು ಯಾರಿಗೂ ಬಿಡಲಿಲ್ಲ, ಅಲ್ಲೇ ಬಾರಿನ ತುದಿ ಇರುವುದು. ಮನೆಗೆ ಬಂದ ಮೇಲೆ ದಿಂಬು ಒಟ್ಟಿ ಅರ್ಧ ಕೂತ ಹಾಗೆ ಮಲಗುತ್ತಿದ್ದೆ. ಸೀನು ಬಂದರೆ ಜೀವ ಹೋದಂತಾಗುತ್ತಿತ್ತು. ದಿಂಬನ್ನು ಎದೆಗೆ ಅವುಚಿಕೊಂಡು ಸೀನಿದರೆ ಪರವಾಗಿಲ್ಲ. ನಗುವುದೂ ಅಷ್ಟೇ.

ಯಾರೂ ಮೊದಲೇ ಹೇಳದ ಒಂದು ವಿಷಯ: ನೋವಿನ ಗಟ್ಟಿ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ. ಮುಕ್ಕಿದರೆ ಎದೆಯೇ ಬಿರಿದಂತಾಗುತ್ತದೆ. ಮೊದಲ ದಿನದಿಂದಲೇ ಅದಕ್ಕೆ ಔಷಧಿ ಕೇಳಿ ತೆಗೆದುಕೊಳ್ಳಿ, ನೀರು ಜಾಸ್ತಿ ಕುಡಿಸಿ.

ನನಗೆ ಎಪಿಡ್ಯೂರಲ್ (ಬೆನ್ನಿನಲ್ಲಿ ಸಣ್ಣ ನಳಿಕೆಯಿಂದ ನೋವಿನ ಔಷಧಿ ಕೊಡುವುದು) ಹಾಕಿದ್ದರು. ಈಗ ಕ್ರಯೋ ಮಾಡುತ್ತಾರಂತೆ, ಅದರ ಬಗ್ಗೆ ಸಿಸ್ಟರ್ ಹೇಳಿದರೆ ಒಳ್ಳೆಯದು.

ಕೊನೆಯದಾಗಿ, ಇದು ಅವನ ಎದೆ. ಮಾಡಿಸಿಕೊಳ್ಳಬೇಕಾ ಎಂದು ಅವನನ್ನೇ ಕೇಳಿದ್ದೀರಾ? ನನ್ನ ಮನೆಯಲ್ಲಿ ಒಂದು ವರ್ಷ ನನ್ನನ್ನು ಬಿಟ್ಟು ಎಲ್ಲರೂ ಚರ್ಚೆ ಮಾಡಿದರು. ನನಗೆ ಬೇಕು ಎಂದು ನಾನೇ ಹೇಳಿದ ಮೇಲೆ ಆ ಮೊದಲ ವಾರಗಳನ್ನು ತಡೆದುಕೊಳ್ಳುವ ಶಕ್ತಿ ಬಂತು. ಬಲವಂತಕ್ಕೆ ಮಾಡಿಸಿದ್ದರೆ ಆಗುತ್ತಿರಲಿಲ್ಲ.

---

ಥಿಯೇಟರ್‌ಸಿಸ್ಟರ್:

ಕ್ರಯೋ ಬಗ್ಗೆ. ಪಕ್ಕೆಲುಬಿನ ಕೆಳಗೆ ಓಡುವ ನರಗಳನ್ನು ಎದೆಯ ಒಳಗಿನಿಂದಲೇ, ಕ್ಯಾಮೆರಾದಲ್ಲಿ ನೋಡುತ್ತಾ, ಸುಮಾರು ಮೈನಸ್ 60 ಡಿಗ್ರಿಗೆ ಇಳಿಸಿದ ಪ್ರೋಬಿನಿಂದ ಎರಡೆರಡು ನಿಮಿಷ ಹೆಪ್ಪುಗಟ್ಟಿಸುತ್ತಾರೆ. ಸಾಮಾನ್ಯವಾಗಿ ಪ್ರತಿ ಪಕ್ಕದಲ್ಲಿ ಐದಾರು ನರ. ನರದ ಹೊದಿಕೆ ಉಳಿಯುವುದರಿಂದ ತಿಂಗಳುಗಳಲ್ಲಿ ನರ ಮತ್ತೆ ಬೆಳೆದು ಸ್ಪರ್ಶ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಎದೆಯ ಚರ್ಮ ಜೋಮು ಹಿಡಿದಂತೆ ಇರುತ್ತದೆ, ಅದನ್ನು ಹುಡುಗನಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಗಾಬರಿಯಾಗುತ್ತಾನೆ. ತಕ್ಷಣ ಪೂರ್ತಿ ಕೆಲಸ ಮಾಡುವುದಿಲ್ಲ, ಹಾಗಾಗಿ ಮೊದಲ ರಾತ್ರಿಗೆ ಬೇರೆ ನೋವಿನ ಔಷಧಿಯೂ ಬೇಕು. ಎಪಿಡ್ಯೂರಲ್ ಕಾಲದಲ್ಲಿ ನಾಲ್ಕೈದು ದಿನ ಆಸ್ಪತ್ರೆಯಲ್ಲಿ ಇರುತ್ತಿದ್ದರು. ಕ್ರಯೋ ಆದವರು ಎಷ್ಟೋ ಜನ ಒಂದೆರಡು ದಿನದಲ್ಲೇ ಹೋಗುತ್ತಾರೆ. ಆದರೆ ಇದರಲ್ಲಿ ಒಂದು ಎಚ್ಚರ ಇದೆ. ನೋವು ಕಡಿಮೆ ಇದೆ ಎಂದು ಹುಡುಗರು ಬೇಗ ಭಾರ ಎತ್ತುತ್ತಾರೆ, ಬಗ್ಗುತ್ತಾರೆ. ಬಾರ್ ಜಾರುವ ಭಯ ಜಾಸ್ತಿ ಇರುವುದು ಮೊದಲ ವಾರಗಳಲ್ಲೇ.

---

ಹಾಗೇಇದ್ದೇನೆ:

ನಾನು ಒಂಚೂರು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನನಗೂ ಎದೆಗುಂಡಿ ಇದೆ, ನಲವತ್ತು ದಾಟಿದೆ, ಆಪರೇಷನ್ ಮಾಡಿಸಿಲ್ಲ. ನನ್ನ ಹ್ಯಾಲರ್ 2.8. ಎಕೋ, ವ್ಯಾಯಾಮದ ಪರೀಕ್ಷೆ ಎಲ್ಲ ಸರಿ ಇತ್ತು. ಬೆಟ್ಟ ಹತ್ತುತ್ತೇನೆ, ಸೈಕಲ್ ತುಳಿಯುತ್ತೇನೆ. ಸುಮಾರು 300ರಿಂದ 400 ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ ಎನ್ನುತ್ತಾರೆ, ಅವರಲ್ಲಿ ತುಂಬಾ ಜನ ನನ್ನ ಹಾಗೆಯೇ ಇದ್ದಾರೆ. ಗುಂಡಿ ಇದೆ ಎಂದ ಮಾತ್ರಕ್ಕೆ ಎಲ್ಲರೂ ಬಾರ್ ಹಾಕಿಸಿಕೊಳ್ಳಬೇಕಿಲ್ಲ. ಅಳತೆ ಕಡಿಮೆ ಬಂದರೆ ನೆಮ್ಮದಿಯಾಗಿರಿ.

ವ್ಯಾಯಾಮದಿಂದ ಮೂಳೆ ಮೇಲೆ ಬರುವುದಿಲ್ಲ, ಅದು ನಿಜ. ಜಿಮ್‌ನಲ್ಲಿ ಬರೀ ಎದೆಯ ಸ್ನಾಯು ಬೆಳೆಸಿದರೆ ಸುತ್ತಲಿನ ಭಾಗ ಉಬ್ಬಿ ಗುಂಡಿ ಇನ್ನೂ ಎದ್ದು ಕಾಣುತ್ತದೆ. ಆದರೆ ಬೆನ್ನು, ಭುಜದ ಹಿಂಭಾಗ ಗಟ್ಟಿ ಮಾಡಿಕೊಂಡು ನೆಟ್ಟಗೆ ನಿಲ್ಲುವುದನ್ನು ಕಲಿತದ್ದು ನನಗೆ ತುಂಬಾ ಸಹಾಯ ಮಾಡಿತು. ಭುಜ ಮುಂದಕ್ಕೆ ಬಾಗಿದರೆ ಗುಂಡಿ ಆಳವಾಗಿ ಕಾಣುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಆಪರೇಷನ್ ಆಗಲಿ ಬಿಡಲಿ, ಈ ವ್ಯಾಯಾಮ ಇವತ್ತೇ ಶುರು ಮಾಡಿಸಬಹುದು ಅಲ್ವಾ.

ಇನ್ನೊಂದು ದಾರಿ ವ್ಯಾಕ್ಯೂಮ್ ಬೆಲ್. ಎದೆಯ ಮೇಲೆ ಸಿಲಿಕೋನ್ ಬಟ್ಟಲು ಇಟ್ಟು, ಪಂಪಿನಿಂದ ಗಾಳಿ ತೆಗೆದರೆ ಎದೆಮೂಳೆ ಮೇಲೆ ಎಳೆಯಲ್ಪಡುತ್ತದೆ. ಎಕಾರ್ಟ್ ಕ್ಲೋಬೆ ಎಂಬ ಜರ್ಮನ್ ಎಂಜಿನಿಯರ್ ತಮಗೇ ಎದೆಗುಂಡಿ ಇದ್ದದ್ದರಿಂದ ಮಾಡಿಕೊಂಡ ಸಾಧನ ಇದು. ದಿನಾ ಅರ್ಧ ಗಂಟೆಯಿಂದ ಶುರು ಮಾಡಿ ಕೆಲವು ಗಂಟೆಗಳವರೆಗೆ, ಅದೂ ಕನಿಷ್ಠ ಒಂದು ವರ್ಷ ಬಿಡದೆ ಹಾಕಬೇಕು. ಚರ್ಮದಲ್ಲಿ ಕೆಂಪು ಚುಕ್ಕೆ, ಕಂದು ಗುರುತು ಆಗುವುದು ಸಾಮಾನ್ಯ. ಹತ್ತು ಹನ್ನೊಂದು ವರ್ಷದ ಒಳಗೆ, ಗುಂಡಿ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಇರುವವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ಮುಷ್ಟಿ ಕೂರುವಷ್ಟು ಆಳ ಎಂದಿದ್ದೀರಿ, ಹಾಗಾಗಿ ನಿಮ್ಮ ಮಗನಿಗೆ ಇದರಿಂದ ಪೂರ್ತಿ ಸರಿಯಾಗುವುದು ಕಷ್ಟ. ಆದರೂ ಕೇಳಿ ನೋಡಿ.

---

ನೀಲಿಛತ್ರಿ:

ಎಲ್ಲರಿಗೂ ತುಂಬಾ ಧನ್ಯವಾದ. ಆ ವಿಡಿಯೋ ಯೋಚನೆ ಬಿಟ್ಟೆ. ನಿಜವಾಗಿಯೂ ಸಮಾಧಾನವಾಯಿತು, ಯಾರಾದರೂ ಇಷ್ಟು ಬಿಡಿಸಿ ಹೇಳಿದ್ದು ಇದೇ ಮೊದಲು.

ಇನ್ನೂ ಕೆಲವು ಪ್ರಶ್ನೆ. ಪಕ್ಕೆಲುಬಿನ ಅಂಚು ಚಾಚಿರುವುದು ಬಾರ್ ಹಾಕಿದರೆ ಸರಿಯಾಗುತ್ತದಾ? ಅವನಿಗೆ ವಾಚಿನ ಹಿಂಭಾಗ, ಬೆಲ್ಟಿನ ಬಕಲ್ ತಾಗಿದರೆ ಚರ್ಮ ಕೆರೆಯುತ್ತದೆ, ಒಳಗೆ ಸ್ಟೀಲ್ ಇಟ್ಟರೆ ಏನಾದರೂ ಆಗುತ್ತದಾ? ಮತ್ತೆ ವಯಸ್ಸಿನ ಬಗ್ಗೆ ಯಾರೂ ಹೇಳಲಿಲ್ಲ. ಅವನು ಇನ್ನೂ ಬೆಳೆಯುತ್ತಲೇ ಇದ್ದಾನೆ. ನಮ್ಮ ಮನೆಯಲ್ಲಿ ಯಾರೂ ಅಷ್ಟು ಉದ್ದ ಇಲ್ಲ, ಇವನೊಬ್ಬನೇ ಕಡ್ಡಿ ಹಾಗೆ. ಕೈ ಬೆರಳು ನೋಡಿದರೆ ಆಶ್ಚರ್ಯವಾಗುತ್ತದೆ, ಅಷ್ಟುದ್ದ. ಕನ್ನಡಕದ ನಂಬರ್ ಕೂಡ ಬೇಗ ಬೇಗ ಏರುತ್ತಿದೆ.

---

ಥಿಯೇಟರ್‌ಸಿಸ್ಟರ್:

ಮೇಡಂ, ಕೊನೆಯ ಮೂರು ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ, ಬೇರೆ ಎಲ್ಲ ಕಾಯಬಹುದು.

ಮನೆಯವರಿಗಿಂತ ತೀರಾ ಉದ್ದ, ಉದ್ದ ಬೆರಳು, ಕಣ್ಣಿನ ನಂಬರ್ ಏರುವುದು, ಜೊತೆಗೆ ಎದೆಗುಂಡಿ. ಇಷ್ಟೂ ಒಟ್ಟಿಗೆ ಇದ್ದರೆ ಮಾರ್ಫಾನ್ ಸಿಂಡ್ರೋಮ್ ಇದೆಯಾ ಎಂದು ನೋಡಲೇಬೇಕು. ಇದು ದೇಹದ ಕನೆಕ್ಟಿವ್ ಟಿಶ್ಯೂಗೆ, ಅಂದರೆ ಅಂಗಗಳನ್ನು ಹಿಡಿದಿಡುವ ಅಂಗಾಂಶಕ್ಕೆ ಸಂಬಂಧಿಸಿದ ಹುಟ್ಟಿನಿಂದ ಬರುವ ತೊಂದರೆ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದೆಯೂ ಬರಬಹುದು. ಅದರಲ್ಲಿ ಚಿಂತೆಯ ವಿಷಯ ಎದೆಗುಂಡಿ ಅಲ್ಲ, ಹೃದಯದಿಂದ ಹೊರಡುವ ಮಹಾಪಧಮನಿಯ ಬುಡ. ಅದು ನಿಧಾನವಾಗಿ ಹಿಗ್ಗುತ್ತಾ ಹೋಗಬಹುದು, ಹೊರಗೆ ಏನೂ ಗೊತ್ತಾಗುವುದಿಲ್ಲ. ಎಕೋ ಮಾಡುವಾಗ ಮಹಾಪಧಮನಿಯ ಬುಡದ ಅಳತೆ ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಿ. ಕಣ್ಣಿನ ಡಾಕ್ಟರ್ ಹತ್ತಿರ ಪಾಪೆ ಹಿಗ್ಗಿಸಿ, ಲೆನ್ಸ್ ಜಾಗ ಬಿಟ್ಟು ಸರಿದಿದೆಯಾ ಎಂದು ನೋಡಿಸಿ. ಬೆನ್ನುಮೂಳೆ ಓರೆಯಾಗಿದೆಯಾ ಎಂದೂ ನೋಡಲಿ. ಎದೆಗುಂಡಿ ಇರುವ ಹೆಚ್ಚಿನ ಮಕ್ಕಳಿಗೆ ಮಾರ್ಫಾನ್ ಇರುವುದಿಲ್ಲ, ಉದ್ದ ಇರುವ ಮಕ್ಕಳೆಲ್ಲರಿಗೂ ಇರುವುದಿಲ್ಲ, ಆದ್ದರಿಂದ ಈಗಲೇ ಹೆದರಬೇಡಿ. ಆದರೆ ಇದು ತಿಳಿಯುವವರೆಗೆ ಭಾರ ಎತ್ತುವ ವ್ಯಾಯಾಮ ಬೇಡ, ವ್ಯಾಕ್ಯೂಮ್ ಬೆಲ್ ಅಂತೂ ಬೇಡವೇ ಬೇಡ. ಮಾರ್ಫಾನ್ ಇರುವವರಿಗೆ, ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಆ ಬೆಲ್ ಹಾಕುವುದಿಲ್ಲ. ಸೈಕಲ್ ತುಳಿಸುವ ಪರೀಕ್ಷೆಯನ್ನೂ ಎಕೋ ನೋಡಿದ ಮೇಲೆಯೇ ಮಾಡಿಸಿ.

ಇನ್ನು ಉಳಿದದ್ದು. ವಾಚ್, ಬಕಲ್ ತಾಗಿ ಕೆರೆತ ಬರುವುದು ನಿಕಲ್ ಅಲರ್ಜಿಯ ಲಕ್ಷಣ ಇರಬಹುದು. ಬಾರಿನ ಸ್ಟೀಲಿನಲ್ಲಿ ನಿಕಲ್ ಇರುತ್ತದೆ. ಆಪರೇಷನ್‌ಗೆ ಮೊದಲೇ ಚರ್ಮದ ಪ್ಯಾಚ್ ಟೆಸ್ಟ್ ಮಾಡಿಸಿ. ಅಲರ್ಜಿ ಇದ್ದರೆ ಟೈಟಾನಿಯಂ ಬಾರ್ ಹಾಕುತ್ತಾರೆ. ಅದನ್ನು ಸ್ಟೀಲಿನ ಹಾಗೆ ಥಿಯೇಟರಿನಲ್ಲಿ ನಿಂತು ಬಾಗಿಸಲು ಬರುವುದಿಲ್ಲ, ಸಿಟಿ ನೋಡಿ ಮೊದಲೇ ಅವನ ಅಳತೆಗೆ ಮಾಡಿಸಬೇಕು, ಸಮಯ ಹಿಡಿಯುತ್ತದೆ. ಇದನ್ನು ಹೇಳಲು ಮರೆಯಬೇಡಿ, ಎಷ್ಟೋ ಮನೆಯವರಿಗೆ ವಾಚಿನ ಕೆರೆತಕ್ಕೂ ಎದೆ ಆಪರೇಷನ್‌ಗೂ ಸಂಬಂಧ ಇದೆ ಎಂದು ಹೊಳೆಯುವುದೇ ಇಲ್ಲ.

ವಯಸ್ಸು. ತುಂಬಾ ಚಿಕ್ಕವರಿಗೆ ಮಾಡಿ ಬಾರ್ ತೆಗೆದುಬಿಟ್ಟರೆ, ಆಮೇಲೆ ಎತ್ತರ ಬೆಳೆಯುವಾಗ ಗುಂಡಿ ವಾಪಸ್ ಬರಬಹುದು. ಅದಕ್ಕೇ ಆ ಜೋರಾಗಿ ಬೆಳೆಯುವ ವರ್ಷಗಳಲ್ಲಿ ಬಾರ್ ಒಳಗಿರುವ ಹಾಗೆ ಸಮಯ ಹೊಂದಿಸುತ್ತಾರೆ, ಸಾಮಾನ್ಯವಾಗಿ 12ರಿಂದ 16ರೊಳಗೆ. ದೊಡ್ಡವರಿಗೂ ಮಾಡುತ್ತಾರೆ, ಆದರೆ ಎದೆ ಗಟ್ಟಿಯಾಗಿರುತ್ತದೆ, ಎರಡು ಮೂರು ಬಾರ್ ಬೇಕಾಗುವುದು ಜಾಸ್ತಿ, ನೋವೂ ಜಾಸ್ತಿ. ಹಾಗಾಗಿ ಸುಮ್ನೆ 18 ಆಗಲಿ ಎಂದು ಕಾಯುವುದರಲ್ಲಿ ಲಾಭ ಇಲ್ಲ. ಪರೀಕ್ಷೆಗಳಿಗಾಗಿ ಕೆಲವು ತಿಂಗಳು ಹೋದರೆ ಏನೂ ನಷ್ಟವಿಲ್ಲ.

ಪಕ್ಕೆಲುಬಿನ ಅಂಚಿನ ಬಗ್ಗೆ ಬೇರೆಯವರು ಹೇಳಲಿ. ಬಾರ್ ಹಾಕಿದ ಮೇಲೆ ಕೆಲವರಲ್ಲಿ ತಗ್ಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಎದೆ ಮೇಲೆ ಬಂದರೆ ಅಂಚು ಮೊದಲಿನಷ್ಟು ಎದ್ದು ಕಾಣುವುದಿಲ್ಲ ಎನ್ನುವುದು ಮಾತ್ರ ನಿಜ.

---

ಎರಡುಜಡೆ:

ನನ್ನ ಮಗಳದ್ದು ಉಲ್ಟಾ, ಎದೆ ಹೊರಗೆ ಉಬ್ಬಿತ್ತು. ಪೆಕ್ಟಸ್ ಕ್ಯಾರಿನೇಟಮ್. ಜೊತೆಗೆ ಅವಳಿಗೂ ಅಂಚು ಚಾಚಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಉಬ್ಬಿದ ಎದೆಗೆ ಮೊದಲು ಆಪರೇಷನ್ ಅಲ್ಲ, ಬ್ರೇಸ್. ಮುಂದಿನಿಂದ ಒತ್ತುವ ಪಟ್ಟಿ. ಅರ್ಜೆಂಟೀನಾದ ಡಾಕ್ಟರ್‌ಗಳು ಒತ್ತಡ ಅಳೆದು ಹಾಕುವ ಬ್ರೇಸ್ ತಂದರು. ಎದೆ ಎಷ್ಟು ಒತ್ತಡಕ್ಕೆ ಬಾಗುತ್ತದೆ ಎಂದು ಮೊದಲು ಅಳೆಯುತ್ತಾರೆ, ಕಡಿಮೆ ಒತ್ತಡಕ್ಕೇ ಬಾಗಿದರೆ ಬ್ರೇಸಿನಿಂದಲೇ ಸರಿ ಹೋಗುವ ಸಾಧ್ಯತೆ ಹೆಚ್ಚು. ಬ್ರೇಸಿಗೆ ಬಗ್ಗದ ಎದೆಗೆ ಅಬ್ರಾಮ್ಸನ್ ಎಂಬ ಆಪರೇಷನ್ ಇದೆ, ಅದೂ ಅಲ್ಲಿಯದೇ, ಎದೆಮೂಳೆಯ ಮುಂದೆ ಚರ್ಮದ ಕೆಳಗೆ ಬಾರ್ ಹಾಕಿ ಒಳಕ್ಕೆ ಒತ್ತುವುದು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಸ್ನಾನ, ಆಟ ಬಿಟ್ಟು ಹಗಲು ರಾತ್ರಿ ಹಾಕಿಕೊಳ್ಳಬೇಕಿತ್ತು. ಕಷ್ಟವಾದದ್ದು ಒತ್ತಡ ಅಲ್ಲ, ಬೆವರು. ಪ್ಯಾಡಿನ ಕೆಳಗೆ ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ತೆಳು ಹತ್ತಿ ಬನಿಯನ್ ಮೇಲೆ ಹಾಕಿಸಿದ ಮೇಲೆ ಸರಿಯಾಯಿತು. ಕೆಳಗಿನ ಅಂಚಿಗೆ ಬೇರೆ ಪ್ಯಾಡ್ ಇಟ್ಟರು, ಉಬ್ಬಿನ ಜೊತೆ ಅದೂ ತಗ್ಗಿತು. ಆದರೆ ನಿಮ್ಮ ಮಗನಿಗೆ ಗುಂಡಿ ಇದೆ. ಅಂಚು ಒತ್ತಲು ಹೋಗಿ ಎದೆಮೂಳೆಯೂ ಒಳಗೆ ಹೋದರೆ? ಬ್ರೇಸನ್ನು ನೀವಾಗಿಯೇ ಆನ್‌ಲೈನಿನಲ್ಲಿ ತರಿಸಬೇಡಿ, ದಯವಿಟ್ಟು. ಮೊದಲು ಗುಂಡಿ, ಆಮೇಲೆ ಅಂಚು.

ಹೆಣ್ಣುಮಕ್ಕಳ ಅಮ್ಮಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಎದೆಯ ಇಂಥ ತೊಂದರೆ ಗಂಡುಹುಡುಗರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ, ಅದಕ್ಕೇ ಹುಡುಗಿಯರಲ್ಲಿ ಯಾರೂ ಗಮನಿಸುವುದಿಲ್ಲ. ಒಂದು ಸ್ತನ ಚಿಕ್ಕದು, ಇನ್ನೊಂದು ದೊಡ್ಡದು ಎಂದು ಮಗಳು ಅಂದುಕೊಂಡು ಯಾರಿಗೂ ಹೇಳದೆ ಇರುತ್ತಾಳೆ. ಎಷ್ಟೋ ಸಲ ಅದಕ್ಕೆ ಕಾರಣ ಕೆಳಗಿನ ಎದೆಗೂಡು ಓರೆಯಾಗಿರುವುದು. ಒಮ್ಮೆ ತೋರಿಸಿ.

---

ನೀಲಿಛತ್ರಿ:

ಸಿಸ್ಟರ್, ನೀವು ಹೇಳಿದ್ದನ್ನು ಓದಿ ಕೈ ಕಾಲು ತಣ್ಣಗಾಯಿತು. ಎಕೋಗೆ, ಕಣ್ಣಿಗೆ ಎರಡಕ್ಕೂ ಸಮಯ ತೆಗೆದುಕೊಂಡಿದ್ದೇನೆ. ಮಹಾಪಧಮನಿಯ ಬುಡದ ಮಾತನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮಗನಿಗೂ ಈ ಪೂರ್ತಿ ಚರ್ಚೆ ಓದಲು ಕೊಟ್ಟೆ. ಅವನೇ ಏನೋ ಕೇಳಬೇಕಂತೆ, ಇದೇ ಅಕೌಂಟಿನಿಂದ ಬರೆಯುತ್ತಾನೆ.

---

ನೀಲಿಛತ್ರಿ:

ನಮಸ್ತೆ, ನಾನು ಮಗ. ಬಾರ್ ತೆಗೆಸಿದ ಅಣ್ಣನಿಗೆ ಪ್ರಶ್ನೆ. ಬಾರ್ ಒಳಗಿರುವುದು ಯಾವಾಗಲೂ ಗೊತ್ತಾಗುತ್ತಾ? ಹೊರಗೆ ಕಾಣುತ್ತಾ? ಬಾರ್ ಇರುವಾಗ ಫುಟ್‌ಬಾಲ್ ಆಡಬಹುದಾ? ಎಲ್ಲೋ ಬಿದ್ದು ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಉಳಿಸುತ್ತಾರಲ್ಲ, ಅದು ಆಗುತ್ತಾ? ತೆಗೆಯುವಾಗಲೂ ಅಷ್ಟೇ ನೋವಾ?

---

ಬಾರ್‌ತೆಗೆಸಿದೆ:

ತಮ್ಮಾ, ನೀನೇ ಕೇಳಿದ್ದು ತುಂಬಾ ಖುಷಿಯಾಯಿತು.

ಮೊದಲ ಎರಡು ತಿಂಗಳು ಪ್ರತಿ ಉಸಿರಿಗೂ ಗೊತ್ತಾಗುತ್ತದೆ. ಆಮೇಲೆ ಮರೆತೇ ಹೋಗುತ್ತದೆ. ಚಳಿಗೆ ಒಂಥರಾ ಬಿಗಿದ ಹಾಗೆ ಆಗುತ್ತಿತ್ತು ನನಗೆ. ಮುಂದಿನಿಂದ ಕಾಣುವುದಿಲ್ಲ. ಪಕ್ಕದಲ್ಲಿ, ಕಂಕುಳ ಕೆಳಗೆ, ಕೈ ಆಡಿಸಿದರೆ ಗಟ್ಟಿ ತುದಿ ಸಿಗುತ್ತದೆ, ತೆಳ್ಳಗಿದ್ದರೆ ಸ್ವಲ್ಪ ಉಬ್ಬಿಯೂ ಕಾಣುತ್ತದೆ.

ಫುಟ್‌ಬಾಲ್‌ಗೆ ಮೊದಲು ನಿನ್ನ ಎಕೋ ಸರಿ ಬರಬೇಕು, ಅದು ಬೇರೆ ಮಾತು. ಆಪರೇಷನ್ ಆದ ಮಾರನೇ ದಿನದಿಂದಲೇ ನಡೆಸುತ್ತಾರೆ. ನನಗೆ ಆರು ವಾರ ಭಾರ ಎತ್ತುವ ಹಾಗಿರಲಿಲ್ಲ, ಪುಸ್ತಕದ ಬ್ಯಾಗ್ ಕೂಡ ಗೆಳೆಯರೇ ಹಿಡಿಯುತ್ತಿದ್ದರು. ಮೂರು ತಿಂಗಳ ಮೇಲೆ ಆಟ. ಬಾಕ್ಸಿಂಗ್, ಕುಸ್ತಿ ತರಹ ಎದೆಗೆ ನೇರ ಹೊಡೆತ ಬೀಳುವ ಆಟ ಮಾತ್ರ ಬಾರ್ ಇರುವವರೆಗೂ ಬೇಡ ಎಂದಿದ್ದರು. ಫುಟ್‌ಬಾಲಿನ ಬಗ್ಗೆ ನಿನ್ನ ಸರ್ಜನ್ ಏನು ಹೇಳುತ್ತಾರೋ ಅದನ್ನೇ ಕೇಳು.

ಪ್ರಜ್ಞೆ ತಪ್ಪಿದರೆ ಎದೆ ಒತ್ತಲೇಬೇಕು, ಬಾರ್ ಇದೆ ಎಂದು ನಿಲ್ಲಿಸಬಾರದು. ಸ್ವಲ್ಪ ಜಾಸ್ತಿ ಬಲ ಹಾಕಬೇಕಾಗುತ್ತದೆ ಅಷ್ಟೇ. ಶಾಕ್ ಕೊಡುವ ಪ್ಯಾಡ್‌ಗಳನ್ನು ಒಂದು ಎದೆಯ ಮೇಲೆ, ಒಂದು ಬೆನ್ನ ಮೇಲೆ ಅಂಟಿಸಬೇಕು. ಇದನ್ನೆಲ್ಲ ಬರೆದ ಕಾರ್ಡ್ ಕೊಡುತ್ತಾರೆ, ಪರ್ಸಿನಲ್ಲಿ ಇಟ್ಟುಕೋ, ಪಿ.ಟಿ. ಟೀಚರ್‌ಗೂ ಒಂದು ಕಾಪಿ ಕೊಡು. ವಿಮಾನ ನಿಲ್ದಾಣದಲ್ಲಿ ಮೆಟಲ್ ಡಿಟೆಕ್ಟರ್ ಕೂಗಿದರೂ ಅದೇ ಕಾರ್ಡ್ ತೋರಿಸು.

ತೆಗೆಯುವುದು ಹಾಕಿದಷ್ಟು ಕಷ್ಟವಲ್ಲ. ಅದೇ ಗಾಯದ ಜಾಗದಲ್ಲಿ ತೆರೆದು, ಬಾರಿನ ತುದಿ ನೇರ ಮಾಡಿ ಪಕ್ಕದಿಂದ ಎಳೆದು ತೆಗೆಯುತ್ತಾರೆ. ಪೂರ್ತಿ ಮಂಪರು ಕೊಟ್ಟೇ ಮಾಡುವುದು. ನಾನು ಅದೇ ದಿನ ಸಂಜೆ ಮನೆಗೆ ಬಂದೆ, ಸಾಮಾನ್ಯ ನೋವಿನ ಮಾತ್ರೆ ಸಾಕಾಯಿತು. ಎಕೋ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರಿ. ಆಪರೇಷನ್ ಎಂದು ನಿರ್ಧಾರವಾದರೆ ಮಲಗುವ ದಿಂಬು ಹೇಗೆ ಜೋಡಿಸುವುದು, ಅಂಗಿ ಯಾವುದು ಹಾಕುವುದು ಎಲ್ಲ ಹೇಳುತ್ತೇನೆ. ಮುಂಭಾಗದಲ್ಲಿ ಬಟನ್ ಇರುವ ಅಂಗಿಗಳನ್ನೇ ತೆಗೆದಿಟ್ಟುಕೋ, ತಲೆ ಮೇಲಿಂದ ಹಾಕುವ ಟೀ ಶರ್ಟ್ ಕೆಲವು ವಾರ ಆಗುವುದಿಲ್ಲ, ಕೈ ಮೇಲೆತ್ತಲು ಬರುವುದಿಲ್ಲ.